ಕಲಾವೀಕ್ಷಣೆಯಲ್ಲಿ ಕಾಲುಗಳ ಪಾತ್ರ

ಕಲಾಮೀಮಾಂಸೆಯ ಗ್ರಂಥಗಳು ಚಿತ್ರವೊಂದನ್ನು ನೋಡುವ ಕ್ರಿಯೆಯನ್ನು ವಿವರಿಸುವಾಗ ಕಣ್ಣಿನಿಂದ ಹೊರಟು, ಮನಸ್ಸನ್ನು ಹಾದು, ರಸದಲ್ಲಿ ನೆಲೆಗೊಳ್ಳುವುದು ವಾಡಿಕೆ. ಕೃತಿಕಾರನ ಹೃದಯಕ್ಕೆ ಸಮನಾದ ಹೃದಯವುಳ್ಳ ನೋಡುಗನನ್ನು ಭಾರತೀಯ ಕಾವ್ಯಶಾಸ್ತ್ರ ‘ಸಹೃದಯ’ ಎಂದು ಕರೆದಿದೆಯಾದರೂ, ಆ ಹೃದಯವನ್ನು ಹೊತ್ತು ತಂದು ಕೃತಿಯ ಎದುರಿಗೆ ನಿಲ್ಲಿಸುವವರು ಯಾರು ಎಂಬ ಪ್ರಶ್ನೆಯನ್ನು ಆಲಂಕಾರಿಕರು ಎತ್ತಿದಂತಿಲ್ಲ. ಅವರ ಕಾಲದ ಸಹೃದಯ ಬಹುಮಟ್ಟಿಗೆ ಸಭೆಯಲ್ಲಿ ಕುಳಿತೇ ಇರುತ್ತಿದ್ದನಾದ್ದರಿಂದ, ಮತ್ತು ಕಾವ್ಯ ನಾಟಕಗಳು ತಾವಾಗಿಯೇ ಅವನಿದ್ದಲ್ಲಿಗೆ ಬರುತ್ತಿದ್ದುದರಿಂದ, ಆ ಪ್ರಶ್ನೆಗೆ ಅವಕಾಶವೂ ಇರಲಿಲ್ಲ. ವರ್ಷಕ್ಕೊಮ್ಮೆ ಒಂದು ಮಹಾನಗರದ ಗ್ಯಾಲರಿಗಳು, ವಸ್ತುಸಂಗ್ರಹಾಲಯಗಳು ಮತ್ತು ಬೀದಿಗಳು ಏಕಕಾಲಕ್ಕೆ ಪ್ರದರ್ಶನಗಳನ್ನು ತೆರೆದು, ಊರಿಗೆ ಊರೇ ಬಂದು ನೋಡಲಿ ಎಂದು ಕಾಯುವ ‘ಕಲಾಸಪ್ತಾಹ’ ಎಂಬ ಆಧುನಿಕ ಪದ್ಧತಿ ರೂಢಿಗೆ ಬಂದ ಮೇಲೆಯೇ, ಕಲೆಯನ್ನು ನೋಡುವ ಪ್ರಧಾನ ಅಂಗ ಕಾಲು, ಕಣ್ಣು ಅದರ ಬೆನ್ನೇರಿ ಸವಾರಿ ಮಾಡುವ ಪುಕ್ಕಟೆ ಪ್ರಯಾಣಿಕ ಎಂಬ ಸತ್ಯ ಬಯಲಾಯಿತು. ಕಲೆ, ಕಾಲ, ಕಾಲು ಎಂಬ ಮೂರು ಪದಗಳು ಕನ್ನಡದಲ್ಲಿ ಇಷ್ಟು ಒತ್ತೊತ್ತಾಗಿ ಕುಳಿತಿರುವುದನ್ನು ಭಾಷಾಶಾಸ್ತ್ರಜ್ಞರು ಆಕಸ್ಮಿಕವೆಂದು ತಳ್ಳಿಹಾಕಬಹುದು. ಸಪ್ತಾಹ ಮುಗಿಸಿ ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟವರು ಹಾಗೆ ತಳ್ಳಿಹಾಕಲಾರರು.

ಈ ಸತ್ಯದ ಅಧ್ಯಯನಕ್ಕೆ ಮುಂಬಯಿ ತಕ್ಕ ಕ್ಷೇತ್ರ. ಚಳಿಗಾಲ ಬಂದದ್ದು ಅಲ್ಲಿ ಸ್ವೆಟರುಗಳಿಗಿಂತ ಮೊದಲು ಪ್ರದರ್ಶನಗಳ ಆಮಂತ್ರಣಗಳಿಂದ ಗೊತ್ತಾಗುತ್ತದೆ. ಜನವರಿಯಲ್ಲಿ ‘ಮುಂಬಯಿ ಗ್ಯಾಲರಿ ವೀಕೆಂಡ್’ ಎಂಬ ಹೆಸರಿನಲ್ಲಿ ನಗರದ ಖಾಸಗಿ ಗ್ಯಾಲರಿಗಳು ಒಟ್ಟುಗೂಡಿ ಪ್ರದರ್ಶನ ನಡೆಸುವ ಕ್ರಮ 2012ರಲ್ಲಿ ಆರಂಭವಾಯಿತು. ಅದರ ಬೆನ್ನಿಗೇ ಬರುವ ಕಾಲಾ ಘೋಡಾ ಕಲಾ ಉತ್ಸವ 1999ರಷ್ಟು ಹಳೆಯದು. ಹೆಸರಿಗೆ ವಾರಾಂತ್ಯವಾದ ಮೊದಲನೆಯದು ಈಚಿನ ವರ್ಷಗಳಲ್ಲಿ ಗುರುವಾರ ಆರಂಭವಾಗಿ ಭಾನುವಾರ ಮುಗಿಯುವ ನಾಲ್ಕು ದಿನಗಳದ್ದು. ಎರಡನೆಯದು ಒಂದು ಶನಿವಾರ ಹೊರಟು ಮುಂದಿನ ವಾರದ ಭಾನುವಾರದವರೆಗೆ ಸಾಗುವ ಒಂಬತ್ತು ದಿನಗಳದ್ದು. ವಾರಾಂತ್ಯಕ್ಕೆ ನಾಲ್ಕು ದಿನ, ವಾರಕ್ಕೆ ಒಂಬತ್ತು ದಿನ ಎಂಬ ಈ ಲೆಕ್ಕ ಪಂಚಾಂಗ ಬರೆಯುವವರಿಗೆ ಒಪ್ಪಿಗೆಯಾಗದಿದ್ದರೂ, ಮಾಸಗಳಲ್ಲಿ ಅಧಿಕ ಮಾಸವಿರುವಂತೆ ದಿನಗಳಲ್ಲಿ ಅಧಿಕ ದಿನಗಳೇಕೆ ಇರಬಾರದು ಎಂದು ಕೇಳಿದರೆ ಅವರು ಉತ್ತರಕ್ಕೆ ತಡಕಾಡಬೇಕಾದೀತು. ಬೆಂಗಳೂರಿನ ದಾರಿ ಇದಕ್ಕೆ ತದ್ವಿರುದ್ಧವಾದುದು. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಕುಮಾರಕೃಪಾ ರಸ್ತೆಯಲ್ಲಿ ನಡೆಸಿಕೊಂಡು ಬಂದಿರುವ ಚಿತ್ರಸಂತೆ, ಸಾವಿರಕ್ಕೂ ಮೀರಿದ ಕಲಾವಿದರನ್ನೂ ಲಕ್ಷಗಟ್ಟಲೆ ಜನರನ್ನೂ ಒಂದು ಭಾನುವಾರದೊಳಗೆ ತುರುಕಿ ಮುಗಿಸಿಬಿಡುತ್ತದೆ. ಅಲ್ಲಿ ಕಾಲು ನೋಯುವುದು ನಡೆದದ್ದರಿಂದಲ್ಲ, ಹಿಂದಿನವರು ತುಳಿದದ್ದರಿಂದ. ನಡೆದು ನಡೆದು ಹದವಾಗಿ ಏರುವ ಶಾಸ್ತ್ರೀಯ ನೋವಿನ ವ್ಯಾಸಂಗಕ್ಕೆ ಮುಂಬಯಿಗೇ ಹೋಗಬೇಕು.

ಉತ್ಸವಕ್ಕೆ ಹೆಸರು ಕೊಟ್ಟಿರುವ ಕಾಲಾ ಘೋಡಾ ಎಂಬ ಸ್ಥಳನಾಮವೇ ಈ ವಿಷಯದಲ್ಲಿ ಒಂದು ಪ್ರಮಾಣಗ್ರಂಥದಂತಿದೆ. ಹಿಂದಿ, ಮರಾಠಿಗಳಲ್ಲಿ ‘ಕಪ್ಪು ಕುದುರೆ’ ಎಂದು ಅರ್ಥವಾಗುವ ಈ ಮಾತು, ಕನ್ನಡಿಗರ ಕಿವಿಗೆ ಮೊದಲು ಕಾಲನ್ನೂ ಆಮೇಲೆ ಕುದುರೆಯನ್ನೂ ತಲುಪಿಸುತ್ತದೆ. ಬ್ರಿಟಿಷ್ ಯುವರಾಜನಾಗಿದ್ದು ಮುಂದೆ ಏಳನೆಯ ಎಡ್ವರ್ಡ್ ದೊರೆಯಾದವನ ಅಶ್ವಾರೂಢ ಪ್ರತಿಮೆಯೊಂದನ್ನು, ಅವನು 1875–76ರಲ್ಲಿ ಭಾರತಕ್ಕೆ ಬಂದುಹೋದ ನೆನಪಿಗಾಗಿ, ವರ್ತಕ ಆಲ್ಬರ್ಟ್ ಸಸೂನ್ ಅವರು ಶಿಲ್ಪಿ ಜೋಸೆಫ್ ಎಡ್ಗರ್ ಬೋಮ್ ಅವರಿಂದ ಮಾಡಿಸಿ 1879ರಲ್ಲಿ ಇಲ್ಲಿ ನಿಲ್ಲಿಸಿದರು. ಲೋಹದ ಕುದುರೆಯ ಮೇಲೆ ಕುಳಿತಿದ್ದವನು ಭಾವೀ ಚಕ್ರವರ್ತಿಯಾಗಿದ್ದರೂ, ದಾರಿಹೋಕರು ಕತ್ತೆತ್ತಿ ಅವನ ಮುಖ ನೋಡುವ ತೊಂದರೆ ತೆಗೆದುಕೊಳ್ಳದೆ, ತಮ್ಮ ಕಣ್ಣಿನ ಮಟ್ಟಕ್ಕೆ ಸಿಕ್ಕ ಕುದುರೆಯ ಹೆಸರನ್ನೇ ಜಾಗಕ್ಕೆ ಇಟ್ಟರು. 1965ರಲ್ಲಿ ಪ್ರತಿಮೆಯನ್ನು ಅಲ್ಲಿಂದ ತೆಗೆದು ಬೈಕಲಾದ ಮೃಗಾಲಯದ ಉದ್ಯಾನಕ್ಕೆ ಸಾಗಿಸಲಾಯಿತು. ಮುಂದಿನ 52 ವರ್ಷ ಆ ಸ್ಥಳದಲ್ಲಿ ಕಪ್ಪು ಕುದುರೆ ಇರಲಿಲ್ಲ, ಕಪ್ಪು ಕುದುರೆ ಎಂಬ ಹೆಸರು ಮಾತ್ರ ಇತ್ತು. ಚಿತ್ರ ಮಾರಾಟವಾಗಿ ಹೋದ ಮೇಲೂ ಗೋಡೆಯ ಮೇಲೆ ಉಳಿದ ಚೀಟಿಯಂತೆ. ಕೊನೆಗೆ 2017ರಲ್ಲಿ ಹೊಸದೊಂದು ಕುದುರೆಯನ್ನು ನಿಲ್ಲಿಸಿದಾಗ ಅದಕ್ಕೆ ಸವಾರನನ್ನು ಕೂರಿಸಲಿಲ್ಲ. ವಸಾಹತುಶಾಹಿಯ ಭಾರ ಇಳಿಯಿತೆಂಬುದು ಇದರ ರಾಜಕೀಯ ಅರ್ಥ. ಕಾಲಿನ ದೃಷ್ಟಿಯಿಂದ ನೋಡುವವರಿಗೆ ಇದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ: ಕಲೆಯ ಈ ಬಡಾವಣೆ ಕುಳಿತವನನ್ನು ಕೈಬಿಟ್ಟು, ನಾಲ್ಕು ಕಾಲುಗಳನ್ನು ಉಳಿಸಿಕೊಂಡಿದೆ.

ಸಪ್ತಾಹದ ಯಾತ್ರಿಕನ ಕೈಗೆ ಮೊದಲು ಸಿಗುವ ಕಲಾಕೃತಿಯೆಂದರೆ ಗ್ಯಾಲರಿಗಳ ನಕ್ಷೆ. ಕೊಲಾಬಾ, ಕಾಲಾ ಘೋಡಾ, ಫೋರ್ಟ್ ಎಂಬ ದಕ್ಷಿಣ ಮುಂಬಯಿಯ ಮೂರು ಬಡಾವಣೆಗಳನ್ನು ಅಂಗೈಯಗಲದಲ್ಲಿ ಹಿಡಿದಿಟ್ಟಿರುವ ಆ ನಕ್ಷೆಯಲ್ಲಿ ಒಂದು ಗ್ಯಾಲರಿಯ ಚುಕ್ಕೆಗೂ ಇನ್ನೊಂದರ ಚುಕ್ಕೆಗೂ ನಡುವೆ ಹೆಬ್ಬೆರಳಿನಷ್ಟು ಅಂತರವಿರುವುದರಿಂದ, ನಡೆದೇ ಎಲ್ಲವನ್ನೂ ಮುಗಿಸಬಹುದೆಂಬ ವಿಶ್ವಾಸ ಉಂಟಾಗುತ್ತದೆ. ದಾರಿ ಕೇಳಿದರೆ, ದೂರವನ್ನು ಮೈಲಿಗಳಲ್ಲಿ ಹೇಳದೆ ನಿಮಿಷಗಳಲ್ಲಿ ಹೇಳುವ ಮುಂಬಯಿಗರು ‘ಇಲ್ಲೇ, ಐದು ನಿಮಿಷ’ ಎಂದು ಆ ವಿಶ್ವಾಸಕ್ಕೆ ನೀರೆರೆಯುತ್ತಾರೆ; ಆ ಐದು ನಿಮಿಷ ರೈಲು ಹಿಡಿದು ಅಭ್ಯಾಸವಾದ ಕಾಲುಗಳ ಐದು ನಿಮಿಷ ಎಂಬುದು ಹದಿನೈದನೆಯ ನಿಮಿಷದಲ್ಲಿ ಹೊರಗಿನವರಿಗೆ ಹೊಳೆಯುತ್ತದೆ. ಇದಲ್ಲದೆ ನಕ್ಷೆಗೆ ಉದ್ದ ಅಗಲಗಳುಂಟೇ ಹೊರತು ಎತ್ತರವಿಲ್ಲ. ಮುಂಬಯಿಯ ಅನೇಕ ಗ್ಯಾಲರಿಗಳು ವಿಕ್ಟೋರಿಯನ್ ಕಾಲದ ಅಥವಾ ಅದರ ಮರಿಮಕ್ಕಳಂಥ ಕಟ್ಟಡಗಳ ಎರಡನೆಯ ಮೂರನೆಯ ಮಹಡಿಗಳಲ್ಲಿದ್ದು, ಸವೆದ ಮರದ ಮೆಟ್ಟಿಲು ಮತ್ತು ಕಬ್ಬಿಣದ ಜಾಲರಿ ಬಾಗಿಲಿನ ಮುದಿ ಲಿಫ್ಟುಗಳ ನಡುವೆ ಆಯ್ಕೆಯನ್ನು ಯಾತ್ರಿಕನ ಧೈರ್ಯಕ್ಕೆ ಬಿಡುತ್ತವೆ. ಚಿತ್ರಗಳಿಗೆ ಕಟ್ಟು ಹಾಕುವ ಉದ್ಯಮದಿಂದ ಆರಂಭಿಸಿ, 1963ರಲ್ಲಿ ಕೇಕೂ ಮತ್ತು ಖೋರ್ಷೆದ್ ಗಾಂಧಿ ದಂಪತಿಗಳು ಜಹಾಂಗೀರ್ ಕಲಾ ಗ್ಯಾಲರಿಯ ಮೊದಲ ಮಹಡಿಯಲ್ಲಿ ಸ್ಥಾಪಿಸಿದ ಗ್ಯಾಲರಿ ಕೆಮೋಲ್ಡ್, 2007ರಲ್ಲಿ ಪ್ರೆಸ್ಕಾಟ್ ರಸ್ತೆಯ ಕಟ್ಟಡವೊಂದರ ಮೂರನೆಯ ಮಹಡಿಗೆ ಹೋಯಿತು. ಭಾರತೀಯ ಆಧುನಿಕ ಕಲೆಯ ಏರುಗತಿಗೆ ಇದಕ್ಕಿಂತ ನೇರವಾದ ಪುರಾವೆ ಬೇಕಾಗಿಲ್ಲ. 1911ರ ಕೋವಾಸ್ಜಿ ಜಹಾಂಗೀರ್ ಸಭಾಭವನದೊಳಗೆ 1996ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಂತೂ ಅರ್ಧವೃತ್ತಾಕಾರದ ಅಂತಸ್ತುಗಳ ಮೇಲೆ ಅಂತಸ್ತಾಗಿ ಗುಮ್ಮಟದವರೆಗೆ ಏರುತ್ತದೆ. ಇಂದ್ರಗಿರಿಯ ಮೆಟ್ಟಿಲು ಹತ್ತಿ ಗೊಮ್ಮಟನನ್ನು ಕಂಡ ಕನ್ನಡಿಗರಿಗೆ ಇದು ಹೊಸದಲ್ಲ, ಆದರೆ ಅಲ್ಲಿ ಮೇಲೆ ಹೋದ ಮೇಲೆ ಒಂದೇ ಕೃತಿಯನ್ನು ನೋಡಬೇಕಾಗಿದ್ದುದು ದೊಡ್ಡ ಸೌಕರ್ಯವಾಗಿತ್ತು.

ಒಂದು ಪ್ರದರ್ಶನದಿಂದ ಇನ್ನೊಂದಕ್ಕೆ ಹೀಗೆ ಗುಂಪುಗೂಡಿ ಹೋಗುವುದು ಯುರೋಪಿನಿಂದ ಬಂದ ಪದ್ಧತಿಯೆಂದು ನಂಬಲಾಗಿದೆಯಾದರೂ, ಹಳೆಯ ಮೈಸೂರಿನ ಕಡೆಯವರು ಈ ಮಾತನ್ನು ಒಪ್ಪಬೇಕಾಗಿಲ್ಲ. ಉತ್ಸವದ ಒಂಬತ್ತು ದಿನಗಳು ನವರಾತ್ರಿಯ ಒಂಬತ್ತು ದಿನಗಳಿಗೆ ಸರಿಹೊಂದುವುದು ಮಾತ್ರವಲ್ಲದೆ, ಬೊಂಬೆ ಕೂರಿಸಿದ ಮನೆಗಳಿಗೆ ಸಂಜೆ ಹೊತ್ತು ಮಕ್ಕಳು ಹಿಂಡುಹಿಂಡಾಗಿ ನುಗ್ಗಿ, ಪಟ್ಟದ ಬೊಂಬೆಯಿಂದ ಚನ್ನಪಟ್ಟಣದ ಮರದ ಬೊಂಬೆಯವರೆಗೆ ಕಣ್ಣಾಡಿಸಿ, ಚರುಪು ಕೈಗೆ ಬಂದ ಕೂಡಲೇ ಮುಂದಿನ ಮನೆಗೆ ಓಡುವ ಕ್ರಮದಲ್ಲಿ ಗ್ಯಾಲರಿ ಸುತ್ತುವ ಸಮಸ್ತ ತತ್ತ್ವಗಳೂ ಅಡಗಿವೆ. ಪ್ರದರ್ಶನದ ಉದ್ಘಾಟನೆಯ ಸಂಜೆ ಹಂಚುವ ದ್ರಾಕ್ಷಾರಸ ಮತ್ತು ಕಡ್ಡಿಗೆ ಚುಚ್ಚಿದ ಚೀಸು ತಾತ್ತ್ವಿಕವಾಗಿ ಚರುಪೇ ಆಗಿದ್ದು, ಯಾವ ಮನೆಯಲ್ಲಿ ಬರೀ ಕಡಲೆಕಾಳು, ಯಾವ ಮನೆಯಲ್ಲಿ ರವೆ ಉಂಡೆ ಎಂಬ ಗುಪ್ತವರ್ತಮಾನ ಮಕ್ಕಳ ನಡುವೆ ಹರಡುವಂತೆ, ಯಾವ ಗ್ಯಾಲರಿಯಲ್ಲಿ ಏನು ಹಂಚುತ್ತಿದ್ದಾರೆಂಬುದು ಕಲಾರಸಿಕರ ನಡುವೆ ವಿಮರ್ಶೆಗಿಂತ ವೇಗವಾಗಿ ಹರಡುತ್ತದೆ. ವ್ಯತ್ಯಾಸ ಒಂದೇ: ಬೊಂಬೆ ಮನೆಯಲ್ಲಿ ಮಕ್ಕಳು ಒಂದು ಹಾಡು ಹೇಳಬೇಕಾಗುತ್ತಿತ್ತು, ಗ್ಯಾಲರಿಯಲ್ಲಿ ಒಂದು ಅಭಿಪ್ರಾಯ ಹೇಳಬೇಕಾಗುತ್ತದೆ. ಎರಡು ಕಡೆಯೂ ಶ್ರುತಿ ಸೇರದಿದ್ದರೆ ಯಾರೂ ಗದರುವುದಿಲ್ಲ.

ಉದ್ಘಾಟನೆಗೆ ಫ್ರೆಂಚರು ಕೊಟ್ಟಿರುವ ‘ವರ್ನಿಸಾಜ್’ ಎಂಬ ಹೆಸರಿಗೆ ವಾರ್ನಿಶ್ ಬಳಿಯುವುದು ಎಂದು ಮೂಲಾರ್ಥ. ಪ್ರದರ್ಶನ ತೆರೆಯುವ ಮುನ್ನ ಕಲಾವಿದರು ಗೋಡೆಗೇರಿದ ತಮ್ಮ ಚಿತ್ರಗಳಿಗೆ ಕೊನೆಯ ಲೇಪ ಕೊಡಲು ಗೊತ್ತುಮಾಡಿದ್ದ ದಿನ ಅದಾಗಿದ್ದು, ಆ ಲೇಪ ಕಾಲಕ್ರಮದಲ್ಲಿ ಚಿತ್ರದಿಂದ ಜಾರಿ ಅತಿಥಿಗಳ ಸಂಭಾಷಣೆಗೆ ಅಂಟಿಕೊಂಡಿತು. 1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಂಥ ಸಂದರ್ಭದಲ್ಲಿಯೇ, ಚಿತ್ರಕಾರ ಕಾನ್‌ಸ್ಟೆಬಲ್ ಅವರ ವರ್ಣರಂಜಿತವಾದ ವಾಟರ್ಲೂ ಸೇತುವೆಯ ಚಿತ್ರದ ಪಕ್ಕದಲ್ಲಿ ತಮ್ಮ ಬೂದುಬಣ್ಣದ ಸಮುದ್ರಚಿತ್ರ ಮಂಕಾಗಿರುವುದನ್ನು ಕಂಡ ಟರ್ನರ್ ಅವರು, ನಾಣ್ಯದಷ್ಟು ಗಾತ್ರದ ಒಂದು ಕೆಂಪು ಬಣ್ಣದ ಮುದ್ದೆಯನ್ನು ನೀರಿನ ಮೇಲಿಟ್ಟು ಹೊರಟುಹೋಗಿ, ಆಮೇಲೆ ಬಂದು ಅದನ್ನು ತೇಲುಬುರುಡೆಯಾಗಿ ತಿದ್ದಿದರು. ಆ ಒಂದು ಕೆಂಪು ಚುಕ್ಕೆಯಿಂದ ಪಕ್ಕದ ಚಿತ್ರದ ಕಳೆಯೇ ಇಳಿಯಿತಂತೆ. ಇಂದಿನ ಗ್ಯಾಲರಿಗಳಲ್ಲಿಯೂ ಅಂಥದೇ ಕೆಂಪು ಚುಕ್ಕೆ ಇದ್ದು, ಚಿತ್ರದ ಒಳಗಿನಿಂದ ಹೊರಕ್ಕೆ ಬಂದು ಪಕ್ಕದ ಚೀಟಿಯ ಮೇಲೆ ಕುಳಿತಿದೆ. ಚಿತ್ರ ಮಾರಾಟವಾಗಿದೆ ಎಂಬುದು ಅದರ ಅರ್ಥ. ಪರಿಣಾಮದಲ್ಲಿ ಮಾತ್ರ ವ್ಯತ್ಯಾಸವಾಗಿಲ್ಲ. ಚುಕ್ಕೆ ಬಿದ್ದ ಚಿತ್ರದ ಮುಂದೆ ಯಾತ್ರಿಕರು ಇನ್ನೂ ನಾಲ್ಕು ನಿಮಿಷ ಹೆಚ್ಚು ನಿಂತು ಅದರಲ್ಲಿ ಆಳವನ್ನು ಕಾಣುತ್ತಾರೆ, ಚುಕ್ಕೆಯಿಲ್ಲದ ಪಕ್ಕದ ಚಿತ್ರ ವರದಕ್ಷಿಣೆ ಗೊತ್ತಾಗದ ಮನೆಯ ಹುಡುಗಿಯಂತೆ ತಲೆತಗ್ಗಿಸಿ ನಿಂತಿರುತ್ತದೆ.

ನಾಲ್ಕು ನಿಮಿಷ ಎಂದದ್ದು ಉತ್ಪ್ರೇಕ್ಷೆಯೆಂದು ಒಪ್ಪಿಕೊಳ್ಳಬೇಕು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಜೆಫ್ರಿ ಸ್ಮಿತ್ ಮತ್ತು ಲೀಸಾ ಸ್ಮಿತ್ ಎಂಬ ಸಂಶೋಧಕರು ಗಡಿಯಾರ ಹಿಡಿದು ನಿಂತು, 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೋಡುಗನೊಬ್ಬ ಒಂದು ಮಹಾಕೃತಿಯ ಮುಂದೆ ಕಳೆಯುವ ಕಾಲದ ಸರಾಸರಿ 27.2 ಸೆಕೆಂಡು, ನೋಡುಗರನ್ನು ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವನು, ಅಂದರೆ ಸಂಖ್ಯಾಶಾಸ್ತ್ರದ ಮಧ್ಯಾಂಕದ ಮನುಷ್ಯನು, ಕೊಡುವುದು 17 ಸೆಕೆಂಡು. ಈ ಸೆಕೆಂಡುಗಳಲ್ಲಿಯೇ ಚಿತ್ರದ ಪಕ್ಕದ ಚೀಟಿಯನ್ನು ಓದುವುದೂ ಸೇರಿದೆ. ಕಲಾವಿದನ ಹೆಸರು, ಇಸವಿ, ಮಾಧ್ಯಮ, ಅಳತೆಗಳನ್ನು ಕ್ರಮವಾಗಿ ಓದಿ, ಶೀರ್ಷಿಕೆಯ ಜಾಗದಲ್ಲಿ ‘ಶೀರ್ಷಿಕೆಯಿಲ್ಲ’ ಎಂದಿರುವುದನ್ನು ಎರಡು ಸಲ ಓದಿ, ಅನಂತರ ಚಿತ್ರದ ಕಡೆಗೆ ಒಮ್ಮೆ ತಿರುಗಿ, ಚೀಟಿಯಲ್ಲಿ ಹೇಳಿದ ಚಿತ್ರ ಇದೇ ಹೌದೆಂದು ಖಚಿತಪಡಿಸಿಕೊಂಡು ಮುಂದೆ ಸಾಗುವ ಕ್ರಮಕ್ಕೆ ವೀಕ್ಷಣೆಗಿಂತ ಪಂಚನಾಮೆ ಎಂಬ ಹೆಸರು ಹೆಚ್ಚು ಒಪ್ಪುತ್ತದೆ. ಲೆಕ್ಕ ಹಾಕಿದರೆ, ಮೂವತ್ತು ಗ್ಯಾಲರಿಗಳಲ್ಲಿ ಇಪ್ಪತ್ತಿಪ್ಪತ್ತು ಕೃತಿಗಳಂತೆ 600 ಕೃತಿಗಳನ್ನು 27 ಸೆಕೆಂಡಿನ ಉದಾರ ದರದಲ್ಲಿ ನೋಡಿದರೂ ನಾಲ್ಕೂವರೆ ಗಂಟೆಯಲ್ಲಿ ಕಣ್ಣಿನ ಕೆಲಸ ಮುಗಿಯುತ್ತದೆ. ನಾಲ್ಕು ದಿನಗಳ ಉಳಿದ ಸಮಯವೆಲ್ಲ ಕಾಲಿನದು.

ಕಾಲಿನ ಈ ಪಾಲನ್ನು ವಿದ್ವತ್ತಿನ ಲೋಕದಲ್ಲಿ ಮೊದಲು ಗಮನಿಸಿದವರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಪ್ರಮುಖರು. 1916ರಲ್ಲಿ ಅವರು ಬರೆದ ಪ್ರಬಂಧದ ಶೀರ್ಷಿಕೆಯೇ ‘ಸಂಗ್ರಹಾಲಯದ ದಣಿವು’ ಎಂದಾಗಿದ್ದು, ವಸ್ತುಗಳನ್ನು ತೀರ ಕೆಳಗೋ ತೀರ ಮೇಲೋ ಇಟ್ಟಾಗ ನೋಡುವವನು ಹೇಗೆಲ್ಲ ಬಗ್ಗಿ, ಕುಕ್ಕರಿಸಿ, ಕತ್ತು ಹೊರಳಿಸಿ ಸಂಕಟಪಡುತ್ತಾನೆಂಬುದನ್ನು ತೋರಿಸಲು ಅವರು ಒಬ್ಬ ಮನುಷ್ಯನನ್ನು ಆ ಎಲ್ಲ ಭಂಗಿಗಳಲ್ಲಿ ನಿಲ್ಲಿಸಿ ಫೋಟೊ ತೆಗೆಸಿ ಪ್ರಕಟಿಸಿದರು. ಯೋಗಾಸನಗಳ ಸಚಿತ್ರ ಪುಸ್ತಕದಂತಿರುವ ಆ ಫೋಟೊಗಳಲ್ಲಿ ಆಸನವೊಂದೇ ಇಲ್ಲ, ಅಂದರೆ ಕುಳಿತುಕೊಳ್ಳಲು ಕುರ್ಚಿ ಇಲ್ಲ. ಗಿಲ್ಮನ್ ಅವರ ದೂರಿಗೆ ನೂರು ವರ್ಷ ಮೀರಿದ ಮೇಲೂ ಗ್ಯಾಲರಿಗಳು ಬಿಳಿ ಗೋಡೆ, ಬೋಳು ನೆಲಗಳ ಆದರ್ಶವನ್ನು ಬಿಟ್ಟಿಲ್ಲ. ಕಲಾವಿಮರ್ಶೆಯಲ್ಲಿ ‘ಬಿಳಿ ಘನ’ ಎಂದು ಕರೆಯಲಾಗುವ ಈ ವ್ಯವಸ್ಥೆಯಲ್ಲಿ, ಕೃತಿಯಿಂದ ಗಮನ ಸೆಳೆಯಬಲ್ಲ ಯಾವ ವಸ್ತುವೂ ಕೋಣೆಯಲ್ಲಿ ಇರಕೂಡದೆಂಬುದು ನಿಯಮ. ಮೂರು ಗಂಟೆ ನಡೆದು ಬಂದವನಿಗೆ ಕುರ್ಚಿಗಿಂತ ಹೆಚ್ಚು ಗಮನ ಸೆಳೆಯುವ ವಸ್ತು ಲೋಕದಲ್ಲಿಯೇ ಇಲ್ಲವಾದ್ದರಿಂದ, ಮೊದಲು ಗಡಿಪಾರಾದದ್ದೂ ಅದೇ.

ಆಧುನಿಕ ಕಲೆಗೆ ಕುರ್ಚಿಯೆಂದರೆ ದ್ವೇಷವಿತ್ತೆಂದು ಇದರಿಂದ ತಿಳಿಯಬಾರದು. ಅದರ ಮೇಲೆ ಕಲಾವಿದರಿಗೆ ಇದ್ದದ್ದು ಅತಿಶಯ ಪ್ರೀತಿ, ಆ ಪ್ರೀತಿಯಲ್ಲಿ ಬೇರೆಯವರಿಗೆ ಪಾಲು ಕೊಡುವ ಮನಸ್ಸು ಮಾತ್ರ ಇರಲಿಲ್ಲ. 1888ರಲ್ಲಿ ವಾನ್ ಗಾಗ್ ಅವರು ಹುಲ್ಲಿನ ಹೆಣಿಗೆಯ ಒಂದು ಬಡಕುರ್ಚಿಯನ್ನು ಚಿತ್ರಿಸಿದಾಗ, ಅದು ಖಾಲಿ ಇದೆಯೆಂದು ಯಾರೂ ಆಸೆಪಡದಂತೆ ಅದರ ಮೇಲೆ ತಮ್ಮ ಚಿಲುಮೆಯನ್ನೂ ಹೊಗೆಸೊಪ್ಪನ್ನೂ ಇಟ್ಟರು. ರೈಲಿನಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿಯುವ ಕ್ರಮ ಗೊತ್ತಿದ್ದವರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ. 1913ರಲ್ಲಿ ಮಾರ್ಸೆಲ್ ಡುಷಾಂ ಅವರು ಒಂದು ಸ್ಟೂಲನ್ನು ತೆಗೆದುಕೊಂಡು, ಅದರ ನೆತ್ತಿಯ ಮೇಲೆ ಸೈಕಲ್ಲಿನ ಚಕ್ರವನ್ನು ತಲೆಕೆಳಗಾಗಿ ನಾಟಿ, ಒಳ್ಳೆಯ ಸ್ಟೂಲನ್ನೂ ಒಳ್ಳೆಯ ಚಕ್ರವನ್ನೂ ಏಕಕಾಲಕ್ಕೆ ಉಪಯೋಗಕ್ಕೆ ಬಾರದಂತೆ ಮಾಡಿದರು. 1965ರಲ್ಲಿ ಜೋಸೆಫ್ ಕೊಸುತ್ ಅವರು ಈ ಪರಂಪರೆಯನ್ನು ಶಿಖರಕ್ಕೆ ಒಯ್ದು, ಒಂದು ಮಡಚುವ ಕುರ್ಚಿ, ಅದೇ ಕುರ್ಚಿಯ ಫೋಟೊ, ಮತ್ತು ನಿಘಂಟಿನಲ್ಲಿ ಕುರ್ಚಿಗೆ ಕೊಟ್ಟ ಅರ್ಥ ಇವು ಮೂರನ್ನು ಒಟ್ಟಿಗೆ ಪ್ರದರ್ಶಿಸಿದರು. ವಸ್ತುವಿಗಿಂತ ವಸ್ತುವಿನ ಹಿಂದಿನ ವಿಚಾರವೇ ಕಲೆಯೆಂದು ಸಾರುವ ಪರಿಕಲ್ಪನಾ ಕಲೆಯ ಇತಿಹಾಸದಲ್ಲಿ ಈ ಕೃತಿಗೆ ಹಿರಿಯ ಸ್ಥಾನವಿದೆ. ಸಪ್ತಾಹದ ಮೂರನೆಯ ಸಂಜೆ ಇದನ್ನು ನೆನೆಯುವವನಿಗೆ ಹೊಳೆಯುವ ವಿಚಾರವೊಂದೇ: ಕೋಣೆಯಲ್ಲಿ ಮೂರು ಕುರ್ಚಿಗಳಿವೆ, ಮೂರರ ಮೇಲೂ ಕೂರುವಂತಿಲ್ಲ.

ಕಾಲಾ ಘೋಡಾದಲ್ಲಿಯೂ ಕೂರುವ ಸೌಕರ್ಯಗಳು ಕಣ್ಣಿಗೆ ಕಾಣುವಂತೆಯೂ ಕೈಗೆ ಸಿಗದಂತೆಯೂ ಇವೆ. 1870ರಲ್ಲಿ ಕಟ್ಟಿದ ಡೇವಿಡ್ ಸಸೂನ್ ಗ್ರಂಥಾಲಯದ ಮೇಲಂತಸ್ತಿನ ಮೊಗಸಾಲೆಯಲ್ಲಿ, ಕಾಲು ನೀಡಿಕೊಳ್ಳಲು ಉದ್ದನೆಯ ಕೈಗಳಿರುವ ಆರಾಮಕುರ್ಚಿಗಳ ಮೇಲೆ ಸದಸ್ಯರು ಪತ್ರಿಕೆಯನ್ನು ಎದೆಯ ಮೇಲೆ ಹರಡಿಕೊಂಡು ನಿದ್ರಿಸುವ ದೃಶ್ಯ ಇಡೀ ಬಡಾವಣೆಯ ಅತ್ಯಂತ ಪರಿಣಾಮಕಾರಿಯಾದ ಪ್ರತಿಷ್ಠಾಪನೆಯಾಗಿದ್ದರೂ, ಅದು ಸದಸ್ಯರಿಗೆ ಮೀಸಲು. ಗ್ಯಾಲರಿಗಳ ಒಳಗೆ ಇರುವ ಏಕೈಕ ಪ್ಲಾಸ್ಟಿಕ್ ಕುರ್ಚಿ ಕಾವಲುಗಾರನದು. ಜನ ಬರುತ್ತಲೇ ಇರುವ ಈ ದಿನಗಳಲ್ಲಿ ಅವನಿಗೂ ಅದು ಕೊಸುತ್ ಅವರ ಕುರ್ಚಿಯೇ. ಎಲ್ಲರೂ 27 ಸೆಕೆಂಡು ನೋಡಿದ ಚಿತ್ರವನ್ನು ದಿನಕ್ಕೆ ಎಂಟು ಗಂಟೆ ನೋಡುವ ಇವನ ಅಭಿಪ್ರಾಯವನ್ನು ಕೇಳಬೇಕೆಂಬ ಬುದ್ಧಿ ಅಮೆರಿಕದ ಬಾಲ್ಟಿಮೋರ್ ಕಲಾ ಸಂಗ್ರಹಾಲಯಕ್ಕೆ 2022ರಲ್ಲಿ ಬಂದು, ಅಲ್ಲಿ 17 ಮಂದಿ ಕಾವಲುಗಾರರೇ ಕೃತಿಗಳನ್ನು ಆರಿಸಿ ಒಂದು ಪ್ರದರ್ಶನ ನಡೆಸಿದರು. ಇನ್ನುಳಿದದ್ದು ಜಹಾಂಗೀರ್ ಗ್ಯಾಲರಿಯ ಹೊರಗಿನ ಕಾಲುದಾರಿ. ಅಲ್ಲಿ ನಿಮಿಷಗಳಲ್ಲಿ ಭಾವಚಿತ್ರ ಬರೆದುಕೊಡುವ ಕಲಾವಿದರು ಗಿರಾಕಿಯನ್ನು ಒಂದು ಸ್ಟೂಲಿನ ಮೇಲೆ ಕೂರಿಸುತ್ತಾರೆ. ನೋಡುವವನಿಗೆ ಇಡೀ ಸಪ್ತಾಹದಲ್ಲಿ ಎಲ್ಲಿಯೂ ಸಿಗದ ಆಸನ, ಅವನು ನೋಡಿಸಿಕೊಳ್ಳುವವನಾದ ಕ್ಷಣ ಸಿಗುತ್ತದೆ. ಹಣ ಕೊಟ್ಟವರಲ್ಲಿ ಎಷ್ಟು ಮಂದಿ ಚಿತ್ರಕ್ಕಾಗಿ, ಎಷ್ಟು ಮಂದಿ ಸ್ಟೂಲಿಗಾಗಿ ಎಂಬುದು ಆ ಮುಖಗಳ ಮೇಲೆ ಮೂಡುವ ನೆಮ್ಮದಿಯನ್ನು ಕಂಡವರಿಗೆ ಗೊತ್ತು.

ಕಾಲಿನ ದೃಷ್ಟಿಯಿಂದ ಯಾತ್ರಿಕರನ್ನು ವರ್ಗೀಕರಿಸುವುದೂ ಸಾಧ್ಯವಿದೆ. ಚಿತ್ರದ ಮುಂದೆ ಮೂರು ಹೆಜ್ಜೆ ಹಿಂದೆ ಸರಿದು ಒಂದು ಹೆಜ್ಜೆ ಮುಂದಿಡುವವರು ವಿಮರ್ಶಕರು. ಅವರು ಹಿಂದೆ ಸರಿದಾಗ ತುಳಿಸಿಕೊಳ್ಳುವವರು ವಿದ್ಯಾರ್ಥಿಗಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಬೆಲೆಯ ಪಟ್ಟಿಗಾಗಿ ಕಾಯುವವರು ಸಂಗ್ರಾಹಕರು. ಚಿತ್ರಕ್ಕೆ ಬೆನ್ನು ಕೊಟ್ಟು, ಎಡಗಾಲನ್ನು ತುಸು ಮುಂದಿಟ್ಟು, ಚಾಚಿದ ಕೈಯಲ್ಲಿ ಫೋನು ಹಿಡಿದವರು ಬಹುಸಂಖ್ಯಾತರು. ಇವರೆಲ್ಲರ ನಡುವೆ ಮಾಟುಂಗದಿಂದಲೋ ಡೊಂಬಿವಲಿಯಿಂದಲೋ ಹೊರಟು ಬಂದ, ಮೂಲತಃ ಕರಾವಳಿಯ ಹಿರಿಯ ದಂಪತಿಗಳು ಸಿಕ್ಕೇ ಸಿಗುತ್ತಾರೆ. ‘ನೋಡಿದ್ದು ಸಾಕು ಮಾರಾಯ್ರೆ, ಎಲ್ಲಾದರೂ ಸ್ವಲ್ಪ ಕೂತುಕೊಳ್ಳುವ’ ಎಂದು ಆಕೆಯೂ, ‘ಇದೊಂದು ನೋಡಿ ಬಿಡುವ ಮಾರಾಯ್ತಿ, ಫ್ರೀ ಅಲ್ವಾ’ ಎಂದು ಆತನೂ ಪ್ರತಿ ಬಾಗಿಲಲ್ಲಿ ನಡೆಸುವ ಚರ್ಚೆಯಲ್ಲಿ, ಕಲೆಯ ಪರವಾಗಿ ಮತ್ತು ಕಾಲಿನ ಪರವಾಗಿ ಹೇಳಬಹುದಾದ ವಾದಗಳೆಲ್ಲ ಮುಗಿದಿರುತ್ತವೆ.

ಆ ದಂಪತಿಗಳು ಬಂದ ಕರಾವಳಿಗೂ ಈ ಬೀದಿಗೂ ಇರುವ ನಂಟು ಉಡುಪಿ ಹೋಟೆಲಿಗಷ್ಟೇ ನಿಲ್ಲುವುದಿಲ್ಲ. 1952ರಲ್ಲಿ ಜಹಾಂಗೀರ್ ಕಲಾ ಗ್ಯಾಲರಿ ತಲೆಯೆತ್ತಿದ್ದು ಸರ್ ಕೋವಾಸ್ಜಿ ಜಹಾಂಗೀರ್ ಅವರ ದಾನದಿಂದ; ಅವರ ಬೆನ್ನುಹತ್ತಿ ಈ ಕೆಲಸಕ್ಕೆ ಒಪ್ಪಿಸಿದವರು ಇಬ್ಬರು, ಒಬ್ಬರು ವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಚಿತ್ರಕಾರ ಕೆ. ಕೆ. ಹೆಬ್ಬಾರರು. ಅಣುವಿನ ಪಂಡಿತರೂ ರೇಖೆಯ ಪಂಡಿತರೂ ಕೂಡಿ ಕೇಳಿದರೆ ಇಲ್ಲವೆನ್ನುವುದು ಯಾವ ದಾನಿಗೂ ಕಷ್ಟ. ಕಟ್ಟಡದಲ್ಲಿ ಪ್ರದರ್ಶನಕ್ಕೆ ಜಾಗ ಸಿಗಲು ಕಲಾವಿದರು ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾದರೂ, ನೋಡುವವರಿಗೆ ಅಲ್ಲೊಂದು ಕೂರುವ ಜಾಗವಿತ್ತು. 1964ರಲ್ಲಿ ತೆರೆದ ‘ಸಮೋವಾರ್’ ಎಂಬ ಓಣಿಯಂಥ ಕೆಫೆಯಲ್ಲಿ ಒಂದು ಚಹಾ ತರಿಸಿಕೊಂಡು, ಅದು ಆರುವವರೆಗೆ ಒಂದು ಕಲಾಪಂಥವನ್ನು ಕಟ್ಟಿ, ಲೋಟ ಬರಿದಾಗುವಷ್ಟರಲ್ಲಿ ಇನ್ನೊಂದನ್ನು ಕೆಡವುವ ಅವಕಾಶ ಎರಡು ತಲೆಮಾರುಗಳಿಗೆ ದೊರೆಯಿತು. 2015ರಲ್ಲಿ ಅದು ಮುಚ್ಚಿತು. ಮುಂಬಯಿಯ ಕಲಾಚಳವಳಿಗಳ ಇತಿಹಾಸ ಬರೆಯುವವರು ಅಂದಿನ ಕುರ್ಚಿಗಳಿಗೂ ಒಂದು ಅಧ್ಯಾಯ ಕೊಡುವುದು ನ್ಯಾಯ.

ಹೆಬ್ಬಾರರ ಹೆಸರು ಕಾಲಿನ ಈ ಪುರಾಣದಲ್ಲಿ ಬರುವುದಕ್ಕೆ ಇನ್ನೂ ಒಂದು ಕಾರಣವಿದೆ. ರೇಖೆಯಲ್ಲಿ ಲಯವನ್ನು ಹಿಡಿಯಬೇಕೆಂಬ ಹಂಬಲದಿಂದ, ಆಗಲೇ ಹೆಸರು ಮಾಡಿದ್ದ ಆ ಚಿತ್ರಕಾರರು ಗೆಜ್ಜೆ ಕಟ್ಟಿ ಕಥಕ್ ಕಲಿತರು. ಕೈಯ ವಿದ್ಯೆಗೆ ಕಾಲನ್ನು ಗುರುವಾಗಿ ಮಾಡಿಕೊಂಡ ಆ ಶಿಷ್ಯವೃತ್ತಿಯ ಫಲವನ್ನು ಅವರ ರೇಖಾಚಿತ್ರಗಳಲ್ಲಿ ನೋಡಬಹುದು: ಎಲ್ಲಿಯೂ ಕಡಿಯದೆ, ಎಲ್ಲಿಯೂ ಅವಸರಪಡದೆ ಹರಿಯುವ ಒಂದೇ ಗೆರೆ ಸೊಂಟವಾಗಿ, ತೋಳಾಗಿ, ಡೋಲಾಗಿ, ಕೊನೆಗೆ ನೆಲ ಮುಟ್ಟಿದ ಪಾದವಾಗಿ ನಿಲ್ಲುತ್ತದೆ. ಸಪ್ತಾಹದ ಕೊನೆಯ ದಿನ, ಯಾವುದೋ ಕೋಣೆಯ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟಿರುವ ಒಂದು ಬೆಂಚಿನ ಮೇಲೆ ಯಾತ್ರಿಕ ಕುಸಿದು ಕೂರುತ್ತಾನೆ. ಅವನು ಕುಳಿತದ್ದು ಚಿತ್ರಕ್ಕಾಗಿ ಅಲ್ಲ. ಬೆಂಚಿನ ಎದುರಿಗೆ ಅಂಥದೊಂದು ಗೆರೆಯ ಚಿತ್ರ ತೂಗುತ್ತಿದ್ದರೆ ಅದು ಗೋಡೆಗೆ ಮೊಳೆ ಹೊಡೆದವರ ಕೃಪೆ. ಚೀಟಿ ಓದಲು ಎದ್ದು ಹೋಗಬೇಕು, ಏಳಲು ಕಾಲು ಒಪ್ಪುವುದಿಲ್ಲ. ಕಣ್ಣಿಗೆ ಬೇರೆ ಕೆಲಸವಿಲ್ಲದ್ದರಿಂದ ಅದು ಎದುರಿಗಿರುವುದನ್ನು ನೋಡತೊಡಗುತ್ತದೆ, 17 ಸೆಕೆಂಡು ಕಳೆದ ಮೇಲೂ ನೋಡುತ್ತದೆ, 27 ಕಳೆದ ಮೇಲೂ ನೋಡುತ್ತದೆ, ಗೆರೆ ಹೊರಟ ಜಾಗದಿಂದ ಹಿಡಿದು ನಿಂತ ಜಾಗದವರೆಗೆ ಒಂದು ಸಲ ಹೋಗಿ, ತಿರುಗಿ ಬಂದು, ಮತ್ತೆ ಹೋಗುತ್ತದೆ. ಆರುನೂರು ಕೃತಿಗಳ ಮುಂದೆ ನಿಂತವನು ನೋಡಿದ ಮೊದಲನೆಯ ಚಿತ್ರ ಅದಾಗಿರುತ್ತದೆ. ಕಾಲು ಮುಷ್ಕರ ಹೂಡಿದ್ದರಿಂದ ಕಣ್ಣು ಒಮ್ಮೆ ತನ್ನ ಕಾಲಿನ ಮೇಲೆ ತಾನು ನಿಂತಿತು.

ಗ್ಯಾಲರಿ ಮುಚ್ಚುವ ಹೊತ್ತಾಗಿ ಕಾವಲುಗಾರ ಕೀಲಿಕೈ ಗೊಂಚಲನ್ನು ಅಲ್ಲಾಡಿಸಿದ ಮೇಲೆ, ಸವಾರನಿಲ್ಲದ ಕುದುರೆಯನ್ನು ಬಳಸಿಕೊಂಡು, ಫೋರ್ಟಿನ ಯಾವುದಾದರೂ ಉಡುಪಿ ಹೋಟೆಲನ್ನು ಸೇರುವುದರೊಂದಿಗೆ ಯಾತ್ರೆ ಸಮಾಪ್ತಿಯಾಗುತ್ತದೆ. ಅಲ್ಲಿ ಮೇಜಿನ ಕೆಳಗೆ ಪಾದಗಳು ಚಪ್ಪಲಿಯಿಂದ ಹೊರಬಂದು ತಣ್ಣನೆಯ ನೆಲವನ್ನು ಸವಿಯುತ್ತಿರುವಾಗ, ಫೋನಿನ ಹೆಜ್ಜೆಲೆಕ್ಕ ಅಂದಿನ ಸಾಧನೆಯನ್ನು ಸಾವಿರಗಳಲ್ಲಿ ವರದಿ ಮಾಡುತ್ತದೆ. ಎಷ್ಟು ಚಿತ್ರ ನೋಡಿದನೆಂಬುದನ್ನು ಎಣಿಸುವ ಯಂತ್ರ ಇನ್ನೂ ಬಂದಿಲ್ಲ. ಕಾಫಿ ಬರುವವರೆಗೆ ಸುಮ್ಮನಿರಲಾರದ ಬೆರಳು, ನೀರಿನ ಲೋಟ ಮೇಜಿನ ಮೇಲೆ ಬಿಟ್ಟ ಒದ್ದೆಯಲ್ಲಿ ಅದ್ದಿ, ತನಗೇ ಗೊತ್ತಿಲ್ಲದೆ ಆ ಒಂದು ಗೆರೆಯನ್ನು ಎಳೆಯಲು ನೋಡುತ್ತದೆ: ಸೊಂಟ ಸುಮಾರಾಗಿ ಬರುತ್ತದೆ, ತೋಳು ಬರುವುದಿಲ್ಲ, ಪಾದ ಹೇಗೋ ಬಂದುಬಿಡುತ್ತದೆ. ಅಷ್ಟರಲ್ಲಿ ಮೇಜು ಒರೆಸುವ ಹುಡುಗ ಬಂದು, ಕನ್ನಡದಲ್ಲಿ ಕಲೆಯೆಂಬ ಮಾತಿಗೆ ಇರುವ ಇನ್ನೊಂದು ಅರ್ಥವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡವನಂತೆ, ಒದ್ದೆ ಬಟ್ಟೆಯ ಒಂದೇ ಬೀಸಿನಲ್ಲಿ ಅದನ್ನು ಒರೆಸಿ ಹೋಗುತ್ತಾನೆ.